ಕರೆಂಟ್ ಹೋದಾಗ ಏನೇನು ಓಡಬೇಕು? ಮನೆಗೆ, ಕಂಪ್ಯೂಟರ್‌ಗೆ ಯುಪಿಎಸ್ ಕೊಳ್ಳುವವರಿಗೆ

"ಮನೆಗೆ ಯುಪಿಎಸ್ ಹಾಕಿಸಬೇಕು, ಯಾವ ಕಂಪನಿದು ಒಳ್ಳೇದು?" ಬೇಸಿಗೆ ಶುರುವಾದರೆ ಈ ಪ್ರಶ್ನೆ ತಪ್ಪಿದ್ದಲ್ಲ. ಮುಂಗಾರಿನ ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ ಅಂದಾಗ ಇನ್ನೊಂದು ಸುತ್ತು ಬರುತ್ತದೆ. ಊರಿನ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ಜಾಸ್ತಿಯಾದ ಮೇಲೆ ಕೇಳುವವರೂ ಜಾಸ್ತಿಯಾಗಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿ, ಎಲ್ಲವನ್ನೂ ಇಲ್ಲೇ ಹಾಕುತ್ತಿದ್ದೇನೆ.

ನಾನು ಅಂಗಡಿಯವನಲ್ಲ, ಎಲೆಕ್ಟ್ರಿಷಿಯನ್ ಕೂಡ ಅಲ್ಲ. ಸ್ವಂತ ದುಡ್ಡು ಕೊಟ್ಟು ಯುಪಿಎಸ್, ಬ್ಯಾಟರಿ, ಸ್ಪೈಕ್ ಗಾರ್ಡ್ ಎಲ್ಲ ಕೊಂಡು, ಅದರಲ್ಲಿ ಅರ್ಧದಷ್ಟು ತಪ್ಪು ಕೊಂಡವನು. ಹಾಗಾಗಿ ಕಂಪನಿ ಹೆಸರು ಕೊನೆಗೆ ನೋಡೋಣ. ಮೊದಲು ಕೈಯಲ್ಲಿ ಪೆನ್ನು, ಹಾಳೆ ಹಿಡಿದು ಕೂತುಕೊಳ್ಳಿ.

ಹೆಸರಿನ ಗೊಂದಲ ಒಂದಿದೆ, ಅದನ್ನು ಮುಗಿಸಿಬಿಡೋಣ. ಫ್ಯಾನು ಲೈಟು ಓಡಿಸುವ, ದೊಡ್ಡ ಬ್ಯಾಟರಿಯ ಪೆಟ್ಟಿಗೆಗೆ ನಮ್ಮ ಕಡೆ ಯುಪಿಎಸ್ ಅಂತಲೇ ಹೇಳುತ್ತಾರೆ. ಕಂಪನಿಯವರು ಅದನ್ನೇ ಇನ್ವರ್ಟರ್ ಅಥವಾ ಹೋಮ್ ಯುಪಿಎಸ್ ಅಂತ ಮಾರುತ್ತಾರೆ. ಕಂಪ್ಯೂಟರ್ ಟೇಬಲ್ ಕೆಳಗೆ ಇಡುವ ಚಿಕ್ಕ ಕಪ್ಪು ಪೆಟ್ಟಿಗೆ ಬೇರೆ, ಅದು ಕಂಪ್ಯೂಟರ್ ಯುಪಿಎಸ್. ಇವೆರಡರ ಜೊತೆಗೆ ಈಗ ಮೂರನೆಯದೂ ಬಂದಿದೆ. ಇಂಟರ್ನೆಟ್ ರೂಟರ್‌ಗೆ ಮಾತ್ರ ಹಾಕುವ, ಅಂಗೈಯಗಲದ ರೂಟರ್ ಯುಪಿಎಸ್.

ಹಂತ 1: ನಿಮಗೆ ಯಾವುದು ಬೇಕು ಅಂತ ತೀರ್ಮಾನಿಸಿ

ಕರೆಂಟ್ ಹೋದಾಗ ನಿಮ್ಮ ತೊಂದರೆ ಬರೀ ವೈಫೈ ಕಟ್ಟಾಗುವುದೇ? ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುತ್ತೀರಿ, ಕರೆಂಟ್ ಹೋದರೂ ಒಂದೆರಡು ಗಂಟೆಯಲ್ಲಿ ಬರುತ್ತದೆ ಅನ್ನುವಂತಿದ್ದರೆ ನಿಮಗೆ ಬೇಕಾಗಿರುವುದು ಒಂದೂವರೆ ಸಾವಿರದ ಆಸುಪಾಸಿನ ರೂಟರ್ ಯುಪಿಎಸ್ ಅಷ್ಟೇ. ಲ್ಯಾಪ್‌ಟಾಪ್‌ನೊಳಗೇ ಬ್ಯಾಟರಿ ಇದೆಯಲ್ಲ, ಅದಕ್ಕೆ ಬೇರೆ ಯುಪಿಎಸ್ ಯಾಕೆ? "ಲ್ಯಾಪ್‌ಟಾಪ್‌ಗೆ ಯಾವ ಯುಪಿಎಸ್ ತಗೊಳ್ಲಿ" ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ತಗೋಬೇಡಿ.

ಡೆಸ್ಕ್‌ಟಾಪ್ ಇದೆ, ಫ್ಯಾನಿಲ್ಲದೆ ಇರಬಲ್ಲಿರಿ, ಫೈಲ್ ಸೇವ್ ಮಾಡಿ ಸರಿಯಾಗಿ ಶಟ್‌ಡೌನ್ ಮಾಡುವಷ್ಟು ಸಮಯ ಸಿಕ್ಕರೆ ಸಾಕು ಅಂದರೆ ಕಂಪ್ಯೂಟರ್ ಯುಪಿಎಸ್ ಸಾಕು.

ಮನೆಯಲ್ಲಿ ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದಾರೆ, ರಾತ್ರಿ ಫ್ಯಾನ್ ನಿಲ್ಲಬಾರದು, ದಿನಕ್ಕೆ ಮೂರ್ನಾಲ್ಕು ಗಂಟೆ ಕರೆಂಟ್ ಹೋಗುತ್ತದೆ ಅಂದರೆ ಮಾತ್ರ ಮನೆ ಯುಪಿಎಸ್ ಹಾಕಿಸಿ. ಪೆಟ್ಟಿಗೆ, ಬ್ಯಾಟರಿ ಎರಡೂ ಸೇರಿ 20ರಿಂದ 25 ಸಾವಿರ ಆಗುತ್ತದೆ. ಅದರ ಮೇಲೆ ವೈರಿಂಗ್ ಖರ್ಚು ಬೇರೆ.

ಹಂತ 2: ರೂಟರ್ ಯುಪಿಎಸ್ ಆದರೆ ಅಡಾಪ್ಟರ್ ಓದಿ

ರೂಟರ್‌ನ ಅಡಾಪ್ಟರ್, ಅಂದರೆ ಗೋಡೆಗೆ ಸಿಕ್ಕಿಸುವ ಕಪ್ಪು ಡಬ್ಬಿ, ಅದನ್ನು ಕಿತ್ತು ಬೆಳಕಿಗೆ ಹಿಡಿಯಿರಿ. ಸಣ್ಣ ಅಕ್ಷರದಲ್ಲಿ ಔಟ್‌ಪುಟ್ 12 ವೋಲ್ಟ್, 1 ಆಂಪ್ ಅಂತಲೋ 1.5 ಆಂಪ್ ಅಂತಲೋ ಇರುತ್ತದೆ. ಕೆಲವು ರೂಟರ್‌ಗಳು 9 ವೋಲ್ಟ್, ಕೆಲವು 5 ವೋಲ್ಟ್. ವೋಲ್ಟ್ ಸರಿಯಾಗಿ ಅಷ್ಟೇ ಇರಬೇಕು. ಆಂಪ್ ಅಷ್ಟೇ ಇದ್ದರೂ ಸರಿ, ಯುಪಿಎಸ್‌ನದು ಜಾಸ್ತಿ ಇದ್ದರೂ ಸರಿ, ಕಮ್ಮಿ ಇರಬಾರದು. 9 ವೋಲ್ಟ್ ರೂಟರ್‌ಗೆ 12 ವೋಲ್ಟ್ ಕೊಟ್ಟರೆ ರೂಟರ್ ಸುಟ್ಟುಹೋಗಬಹುದು.

ಫೈಬರ್ ಸಂಪರ್ಕ ಇರುವ ಕೆಲವು ಮನೆಗಳಲ್ಲಿ ಎರಡು ಪೆಟ್ಟಿಗೆ ಇರುತ್ತವೆ. ಫೈಬರ್ ತಂತಿ ಬಂದು ಸೇರುವುದು ಒಂದು, ವೈಫೈ ಕೊಡುವುದು ಇನ್ನೊಂದು. ಒಂದಕ್ಕೆ ಮಾತ್ರ ಯುಪಿಎಸ್ ಹಾಕಿ, "ವೈಫೈ ಸಿಗ್ನಲ್ ಫುಲ್ ಇದೆ, ನೆಟ್ ಇಲ್ಲ" ಅಂತ ತಲೆ ಕೆರೆದುಕೊಳ್ಳುವವರು ಬೇಕಾದಷ್ಟು ಜನ. ಎರಡಕ್ಕೂ ಕೊಡಬೇಕು.

ಇನ್ನು ಮಾರುವವರ ಲೆಕ್ಕದ ಆಟ. ಡಬ್ಬದ ಮೇಲೆ 10,000 ಎಂಎಎಚ್ ಅಂತ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಎಂಎಎಚ್ ಅಂದರೆ ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಹಿಡಿಯುತ್ತದೆ ಅನ್ನುವ ಅಳತೆ. ಆದರೆ ಅದು ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ, ಹೊರಗೆ ಬರುವ 12 ವೋಲ್ಟ್‌ನದ್ದಲ್ಲ. 10,000 ಎಂಎಎಚ್ ಅಂದರೆ 10 ಎಎಚ್, ಅದನ್ನು 3.7ರಿಂದ ಗುಣಿಸಿದರೆ 37 ವ್ಯಾಟ್-ಅವರ್, ಅಂದರೆ 37 ವ್ಯಾಟ್‌ನ ಸಾಮಾನನ್ನು ಒಂದು ಗಂಟೆ ಓಡಿಸುವಷ್ಟು. ಒಂದಿಷ್ಟು ಪೋಲಾಗಿ 30ರ ಹತ್ತಿರ ಉಳಿಯುತ್ತದೆ. ನಿಮ್ಮ ರೂಟರ್ 10 ವ್ಯಾಟ್ ಎಳೆದರೆ 3 ಗಂಟೆ. ಮಾರುವವರು ಎಂಟು ಗಂಟೆ ಬರುತ್ತೆ ಅಂದರೆ ನಕ್ಕು ಸುಮ್ಮನಾಗಿ.

ನಿಮ್ಮ ರೂಟರ್ ಆನ್ ಇದ್ದರೂ ಬೀದಿಯ ಕೇಬಲ್‌ನವರ ಪೆಟ್ಟಿಗೆಗೆ ಬ್ಯಾಕಪ್ ಇಲ್ಲದಿದ್ದರೆ ನೆಟ್ ಬರುವುದಿಲ್ಲ. ಕೊಳ್ಳುವ ಮೊದಲು ಅವರನ್ನೇ ಒಂದು ಮಾತು ಕೇಳಿ.

ಹಂತ 3: ಕಂಪ್ಯೂಟರ್ ಯುಪಿಎಸ್

ಸಾಮಾನ್ಯ ಮನೆ ಡೆಸ್ಕ್‌ಟಾಪ್, ಮಾನಿಟರ್ ಎರಡೂ ಸೇರಿ 100ರಿಂದ 150 ವ್ಯಾಟ್ ಎಳೆಯುತ್ತವೆ. ಅದಕ್ಕೆ 600 ವಿಎ ಯುಪಿಎಸ್ ಸಾಕು. ವಿಎ ಅಂದರೆ ವೋಲ್ಟ್ ಮತ್ತು ಆಂಪ್ ಗುಣಿಸಿದ ಲೆಕ್ಕ. ನಿಜವಾಗಿ ಸಿಗುವ ವ್ಯಾಟ್ ಅದಕ್ಕಿಂತ ಕಮ್ಮಿ. 600 ವಿಎ ಅಂತ ಬರೆದಿರುವ ಪೆಟ್ಟಿಗೆಯ ಹಿಂದೆ ತಿರುಗಿಸಿ ನೋಡಿ, 360 ವ್ಯಾಟ್ ಅಂತ ಇರುವುದು ಮಾಮೂಲು. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿ ಗೇಮ್ ಆಡುವವರು 1000 ವಿಎಗಿಂತ ಕೆಳಗೆ ಇಳಿಯಬೇಡಿ.

ಒಳಗಿರುವುದು ಸ್ಕೂಟರ್ ಬ್ಯಾಟರಿಯಷ್ಟು ಗಾತ್ರದ, 12 ವೋಲ್ಟ್ 7 ಎಎಚ್ ಬ್ಯಾಟರಿ. ಹೊಸದರಲ್ಲಿ 15–20 ನಿಮಿಷ ಬರುತ್ತದೆ. ಎರಡು ಮೂರು ವರ್ಷಕ್ಕೆ ಬ್ಯಾಟರಿ ಸಾಯುತ್ತದೆ, ಆಗ ಯುಪಿಎಸ್ ಬಿಸಾಡಬೇಡಿ. ಬ್ಯಾಟರಿ ಮಾತ್ರ ಬದಲಾಯಿಸಿದರೆ ಸಾಕು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಿಗುತ್ತದೆ, ಜಿಲ್ಲಾ ಕೇಂದ್ರದ ಯಾವುದೇ ಕಂಪ್ಯೂಟರ್ ಅಂಗಡಿಯಲ್ಲೂ ಸಿಗುತ್ತದೆ.

ಇದಕ್ಕೆ ಲೇಸರ್ ಪ್ರಿಂಟರ್ ಸಿಕ್ಕಿಸಬೇಡಿ. ಹಾಳೆ ಬಿಸಿ ಮಾಡುವ ಆ ಕ್ಷಣದಲ್ಲಿ ಅದು ಸಾವಿರ ವ್ಯಾಟ್‌ವರೆಗೂ ಎಳೆಯಬಹುದು. ಯುಪಿಎಸ್ ಕೀ ಅಂತ ಕೂಗಿ ನಿಂತುಬಿಡುತ್ತದೆ, ಜೊತೆಗೆ ಕಂಪ್ಯೂಟರೂ ನಿಲ್ಲುತ್ತದೆ.

ಮನೆ ಯುಪಿಎಸ್ ಹಾಕಿಸುವ ಯೋಚನೆ ಹೇಗೂ ಇದ್ದರೆ ಇದನ್ನು ಕೊಳ್ಳುವ ಮೊದಲು ಹಂತ 5 ಓದಿ. ಎರಡೂ ಬೇಕಾಗಲಿಕ್ಕಿಲ್ಲ.

ಹಂತ 4: ಮನೆ ಯುಪಿಎಸ್‌ಗೆ ಲೋಡ್ ಪಟ್ಟಿ ಮಾಡಿ

ಈ ಹಂತ ಬಿಟ್ಟು ಅಂಗಡಿಗೆ ಹೋದರೆ ಅಂಗಡಿಯವರು ತಮ್ಮಲ್ಲಿರುವುದನ್ನು ಕೊಟ್ಟು ಕಳಿಸುತ್ತಾರೆ. ಲೋಡ್ ಅಂದರೆ ಒಂದೇ ಹೊತ್ತಿಗೆ ಓಡುವ ಸಾಮಾನುಗಳೆಲ್ಲ ಸೇರಿ ಎಳೆಯುವ ವ್ಯಾಟ್. ಸುಮಾರು ಅಂದಾಜು ಹೀಗಿದೆ:

ಹಳೆಯ ಮಾದರಿ ಸೀಲಿಂಗ್ ಫ್ಯಾನ್: 75 ವ್ಯಾಟ್
ಬಿಎಲ್‌ಡಿಸಿ ಫ್ಯಾನ್: 30 ವ್ಯಾಟ್
ಎಲ್‌ಇಡಿ ಬಲ್ಬ್: 9 ವ್ಯಾಟ್
ಎಲ್‌ಇಡಿ ಟ್ಯೂಬ್: 20 ವ್ಯಾಟ್
ರೂಟರ್: 10ರಿಂದ 12 ವ್ಯಾಟ್
ಲ್ಯಾಪ್‌ಟಾಪ್ ಚಾರ್ಜರ್: 65 ವ್ಯಾಟ್
32 ಇಂಚಿನ ಟಿವಿ: 50ರಿಂದ 60 ವ್ಯಾಟ್

ಪಟ್ಟಿಗೆ ಸೇರಿಸಲೇಬಾರದ್ದು: ಗೀಸರ್ (2000 ವ್ಯಾಟ್), ಇಸ್ತ್ರಿ ಪೆಟ್ಟಿಗೆ (1000), ಇಂಡಕ್ಷನ್ ಒಲೆ, ನೀರಿನ ಮೋಟರ್, ಎಸಿ. ಮಿಕ್ಸಿಯೂ ಬೇಡ. 750 ವ್ಯಾಟ್‌ನ ಮಿಕ್ಸಿಗೆ ಚಟ್ನಿ ಹಾಕಿ ತಿರುಗಿಸಿದರೆ ಚಿಕ್ಕ ಯುಪಿಎಸ್ ಓವರ್‌ಲೋಡ್ ಆಗಿ ನಿಂತೇಹೋಗುತ್ತದೆ. ಫ್ರಿಜ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಓಡುವಾಗ 150 ವ್ಯಾಟ್ ಒಳಗೇ ಇದ್ದರೂ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಬಾಗಿಲು ತೆರೆಯದಿದ್ದರೆ ಮೂರ್ನಾಲ್ಕು ಗಂಟೆ ತಂಪು ಹಾಗೇ ಇರುತ್ತದೆ. ಬಿಟ್ಟುಬಿಡಿ.

ಈಗ ಒಂದು ಮನೆಯ ಲೆಕ್ಕ ಹಾಕೋಣ. ಮೂರು ಹಳೆ ಫ್ಯಾನ್ 225, ಐದು ಬಲ್ಬ್ 45, ರೂಟರ್ 12, ಲ್ಯಾಪ್‌ಟಾಪ್ 65, ಟಿವಿ 60. ಒಟ್ಟು 407 ವ್ಯಾಟ್. ಮನೆ ಯುಪಿಎಸ್‌ನಲ್ಲಿ ವಿಎಯ ಸುಮಾರು 0.8 ಭಾಗ ವ್ಯಾಟ್ ಆಗಿ ಸಿಗುತ್ತದೆ ಅಂತ ಹಿಡಿದು, ಇದನ್ನು 0.8ರಿಂದ ಭಾಗಿಸಿದರೆ ಸುಮಾರು 510 ವಿಎ. ಮೇಲೆ ಕಾಲು ಭಾಗ ಸೇರಿಸಿ, ಯಾಕೆಂದರೆ ಮುಂದಿನ ವರ್ಷ ಇನ್ನೊಂದು ಫ್ಯಾನ್ ಬಂದೇ ಬರುತ್ತದೆ. 640 ಆಯಿತು. 900 ವಿಎ ಪೆಟ್ಟಿಗೆ ಧಾರಾಳವಾಗಿ ಸಾಕು. "ಸರ್, 1500 ವಿಎನೇ ಹಾಕಿಸ್ಬಿಡಿ, ಮುಂದಕ್ಕೆ ಆಗುತ್ತೆ" ಅಂದರೆ ಒಪ್ಪಬೇಡಿ. ಆ ಗಾತ್ರದವು ಸಾಮಾನ್ಯವಾಗಿ 24 ವೋಲ್ಟ್‌ನವು, ಎರಡು ಬ್ಯಾಟರಿ ಕೇಳುತ್ತವೆ. ಆ ಎರಡೂ ಒಂದೇ ಕಂಪನಿಯದು, ಒಂದೇ ಗಾತ್ರದ್ದು, ಒಂದೇ ವಯಸ್ಸಿನದಾಗಿರಬೇಕು. ಒಂದು ಹಳೆಯದು ಒಂದು ಹೊಸದು ಜೋಡಿಸಿದರೆ ಹಳೆಯದು ಹೊಸದನ್ನೂ ಹಾಳು ಮಾಡುತ್ತದೆ.

ಎಷ್ಟು ಹೊತ್ತು ಬರುತ್ತದೆ? ಬ್ಯಾಟರಿಯ ಅಳತೆ ಎಎಚ್, ಅಂದರೆ ಆಂಪಿಯರ್-ಅವರ್. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ 12 ಗುಣಿಸು 150, 1800 ವ್ಯಾಟ್-ಅವರ್ ಕಾಗದದ ಮೇಲೆ. ಕೈಗೆ ಸಿಗುವುದು ಅದರ ಮುಕ್ಕಾಲು ಅಂತ ಇಟ್ಟುಕೊಳ್ಳಿ, 1350. ಇದನ್ನು 407ರಿಂದ ಭಾಗಿಸಿದರೆ ಮೂರು ಗಂಟೆ ಚಿಲ್ಲರೆ.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಅದೇ ಮೂರು ಫ್ಯಾನ್ ತೆಗೆದು ಬಿಎಲ್‌ಡಿಸಿ ಹಾಕಿದರೆ 225 ಇದ್ದದ್ದು 90ಕ್ಕೆ ಇಳಿಯುತ್ತದೆ. ಒಟ್ಟು ಲೋಡ್ 272. ಅದೇ ಬ್ಯಾಟರಿ ಹತ್ತಿರ ಹತ್ತಿರ ಐದು ಗಂಟೆ ಓಡುತ್ತದೆ. ಬಿಎಲ್‌ಡಿಸಿ ಅಂದರೆ ಒಳಗೆ ಬ್ರಷ್ ಇಲ್ಲದ, ಕಾಂತದ ಮೋಟರ್. ಒಂದಕ್ಕೆ ಎರಡೂವರೆಯಿಂದ ಮೂರೂವರೆ ಸಾವಿರ. ಬ್ಯಾಟರಿ ನಾಲ್ಕೈದು ವರ್ಷಕ್ಕೆ ಹೋಗುತ್ತದೆ, ಫ್ಯಾನ್ ಕರೆಂಟ್ ಇರುವಾಗಲೂ ಬಿಲ್ ಉಳಿಸುತ್ತಲೇ ಇರುತ್ತದೆ. ಹಾಗಾಗಿ ಎರಡನೇ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಫ್ಯಾನ್ ಕಡೆ ತಲೆ ಎತ್ತಿ ನೋಡಿ. 2023ರಿಂದ ಸೀಲಿಂಗ್ ಫ್ಯಾನ್‌ಗೂ ಸ್ಟಾರ್ ಲೇಬಲ್ ಕಡ್ಡಾಯ ಮಾಡಿದ್ದಾರೆ, ವ್ಯಾಟ್ ಎಷ್ಟು ಅಂತ ಡಬ್ಬದ ಮೇಲೇ ಇರುತ್ತದೆ. ರಿಮೋಟ್ ಇರುವ ಬಿಎಲ್‌ಡಿಸಿ ಫ್ಯಾನ್ ಹಾಕಿಸುವಾಗ ಗೋಡೆಯ ಹಳೆ ರೆಗ್ಯುಲೇಟರ್ ತೆಗೆಸಿ ನೇರ ಸ್ವಿಚ್ ಕೊಡಿಸಬೇಕು. ಇಲ್ಲದಿದ್ದರೆ ಫ್ಯಾನಿನೊಳಗಿನ ಬೋರ್ಡ್ ಕೈಕೊಡುತ್ತದೆ.

ಹಂತ 5: ಪೆಟ್ಟಿಗೆ ಆರಿಸುವಾಗ

ಸೈನ್ ವೇವ್, ಸ್ಕ್ವೇರ್ ವೇವ್ ಅಂತ ಎರಡು ಬಗೆ. ಕಂಬದಿಂದ ಬರುವ ಕರೆಂಟ್ ಅಲೆಯ ಹಾಗೆ ನಯವಾಗಿ ಏರಿ ಇಳಿಯುತ್ತದೆ, ಅದು ಸೈನ್ ವೇವ್. ಸ್ಕ್ವೇರ್ ವೇವ್‌ನಲ್ಲಿ ಅದೇ ಕರೆಂಟ್ ಮೆಟ್ಟಿಲಿನ ಹಾಗೆ ಜಿಗಿಯುತ್ತದೆ. ಎರಡು ಸಾವಿರ ಉಳಿಯಿತು ಅಂತ ನಾನು ಮೊದಲ ಸಲ ತಂದದ್ದು ಸ್ಕ್ವೇರ್ ವೇವ್. ಕರೆಂಟ್ ಹೋದ ತಕ್ಷಣ ಮೂರೂ ಫ್ಯಾನ್ ಗೊಂಯ್ ಅಂತ ಒಂದೇ ಶ್ರುತಿಯಲ್ಲಿ ಶುರು. ಎರಡನೇ ವಾರಕ್ಕೆ ಅಮ್ಮ, "ಇದರ ಸದ್ದಿಗಿಂತ ಸೆಕೆನೇ ವಾಸಿ ಕಣೋ" ಅಂದುಬಿಟ್ಟರು. ಸೈನ್ ವೇವೇ ತಗೊಳ್ಳಿ, ಈ ವಿಷಯದಲ್ಲಿ ಚೌಕಾಸಿ ಬೇಡ.

ಡಬ್ಬದ ಮೇಲಿನ ಪದ ಸರಿಯಾಗಿ ಓದಿ. ಪ್ಯೂರ್ ಸೈನ್ ವೇವ್ ಅಂತ ಇರಬೇಕು. ಸಿಮ್ಯುಲೇಟೆಡ್, ಮಾಡಿಫೈಡ್, ಕ್ವಾಸಿ ಅನ್ನುವ ಬಾಲ ಅಂಟಿಕೊಂಡಿದ್ದರೆ ಅದು ನಿಜವಾದ ಸೈನ್ ವೇವ್ ಅಲ್ಲ.

ಇನ್ನೊಂದು, ಹೆಚ್ಚಿನವರು ಗಮನಿಸದ ಸ್ವಿಚ್. ಬಹಳಷ್ಟು ಪೆಟ್ಟಿಗೆಗಳ ಹಿಂಬದಿಯಲ್ಲಿ ಯುಪಿಎಸ್ ಮೋಡ್, ಇಕೋ ಮೋಡ್ ಅಂತ ಪುಟ್ಟ ಸ್ವಿಚ್ ಇರುತ್ತದೆ. ಕೆಲವರದಲ್ಲಿ ಎರಡನೆಯದಕ್ಕೆ ವೈಡ್ ಅಥವಾ ನಾರ್ಮಲ್ ಅಂತ ಹೆಸರು. ಯುಪಿಎಸ್ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವ ಕೆಲಸ ಕಣ್ಣು ಮಿಟುಕಿಸುವಷ್ಟರೊಳಗೆ ಆಗುತ್ತದೆ, ಡೆಸ್ಕ್‌ಟಾಪ್ ಆರುವುದಿಲ್ಲ. ಇಕೋ ಮೋಡ್‌ನಲ್ಲಿ ತುಸು ತಡ, ಫ್ಯಾನ್ ಲೈಟ್‌ಗೆ ಪರವಾಗಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗಬಹುದು. "ಯುಪಿಎಸ್ ಇದ್ರೂ ಕಂಪ್ಯೂಟರ್ ಆಫ್ ಆಗುತ್ತೆ" ಅಂತ ಬಂದ ದೂರುಗಳಲ್ಲಿ ಮುಕ್ಕಾಲು ಪಾಲು ಈ ಸ್ವಿಚ್‌ನ ಕರಾಮತ್ತು. ಪ್ಯೂರ್ ಸೈನ್ ವೇವ್ ಪೆಟ್ಟಿಗೆ ಯುಪಿಎಸ್ ಮೋಡ್‌ನಲ್ಲಿದ್ದರೆ ಸಾಮಾನ್ಯ ಡೆಸ್ಕ್‌ಟಾಪ್‌ಗೆ ಬೇರೆ ಕಂಪ್ಯೂಟರ್ ಯುಪಿಎಸ್ ಬೇಡ.

ಆದರೆ ಹಳ್ಳಿ ಕಡೆಯವರಿಗೆ ಇಲ್ಲೊಂದು ತೊಡಕಿದೆ. ಯುಪಿಎಸ್ ಮೋಡ್‌ನಲ್ಲಿಟ್ಟ ಪೆಟ್ಟಿಗೆ ವೋಲ್ಟೇಜ್ 180ರ ಹತ್ತಿರಕ್ಕೆ ಇಳಿದರೆ ಸಾಕು, ಕರೆಂಟ್ ಹೋಯಿತು ಅಂತ ತಿಳಿದು ಬ್ಯಾಟರಿಗೆ ಹೊರಳುತ್ತದೆ. ಸಂಜೆ ಎಲ್ಲರ ಮನೆಯ ಮೋಟರ್ ಓಡುವ ಹೊತ್ತಿಗೆ ಬೀದಿಯಲ್ಲಿ ಕರೆಂಟ್ ಇದ್ದೂ ನಿಮ್ಮ ಬ್ಯಾಟರಿ ಖಾಲಿಯಾಗುತ್ತಿರುತ್ತದೆ. ಇಕೋ ಮೋಡ್ 100 ವೋಲ್ಟ್ ಆಸುಪಾಸಿನವರೆಗೂ ಸಹಿಸಿಕೊಳ್ಳುತ್ತದೆ. ಲೋ ವೋಲ್ಟೇಜ್ ಊರಾದರೆ ಮನೆ ಯುಪಿಎಸ್ ಇಕೋದಲ್ಲಿಟ್ಟು, ಡೆಸ್ಕ್‌ಟಾಪ್‌ಗೆ ಮಾತ್ರ ಒಂದು ಕಂಪ್ಯೂಟರ್ ಯುಪಿಎಸ್ ಇಡಿ. ವೋಲ್ಟೇಜ್ ಬಗ್ಗೆ 1912ಕ್ಕೆ ದೂರನ್ನೂ ಕೊಡಿ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಯಾವುದಾದರೂ ನಂಬರ್ ಅದೇ.

ಹಂತ 6: ಬ್ಯಾಟರಿ

ದುಡ್ಡು ಹೋಗುವುದು ಇಲ್ಲಿ, ಮೋಸ ಹೋಗುವುದೂ ಇಲ್ಲೇ. ಟಾಲ್ ಟ್ಯೂಬುಲರ್ ಅನ್ನುವ ಎತ್ತರದ ಬ್ಯಾಟರಿ ತಗೊಳ್ಳಿ. ಒಳಗಿನ ಸೀಸದ ಫಲಕ ಕೊಳವೆಯ ಆಕಾರದಲ್ಲಿರುವುದರಿಂದ ಆ ಹೆಸರು. ಚಪ್ಪಟೆ ಫಲಕದ್ದು ಅಗ್ಗ, ಆದರೆ ದಿನಾ ಕರೆಂಟ್ ಹೋಗುವ ಊರಲ್ಲಿ ಬಾಳಿಕೆ ಕಮ್ಮಿ. ಕಾರಿನ ಬ್ಯಾಟರಿ ಹಾಕಿದರೆ ಆಗಲ್ವಾ ಅಂತ ಕೇಳುತ್ತಾರೆ. ಆಗಲ್ಲ. ಅದು ಒಂದೇ ಕ್ಷಣ ಜೋರಾಗಿ ಕರೆಂಟ್ ಕೊಟ್ಟು ಇಂಜಿನ್ ಎಬ್ಬಿಸುವುದಕ್ಕೆ ಮಾಡಿದ್ದು. ಗಂಟೆಗಟ್ಟಲೆ ನಿಧಾನವಾಗಿ ಕೊಡುವ ಕೆಲಸಕ್ಕೆ ಬಿಟ್ಟರೆ ಬೇಗ ಸಾಯುತ್ತದೆ.

ಲಿಥಿಯಂ ಬ್ಯಾಟರಿಯ ಯುಪಿಎಸ್ ಕೂಡ ಬಂದಿದೆ. ನೀರು ಹಾಕುವ ಗೋಜಿಲ್ಲ, ಬೇಗ ಚಾರ್ಜ್ ಆಗುತ್ತದೆ, ಗೋಡೆಗೆ ನೇತುಹಾಕಬಹುದು. ಬೆಲೆ ಮಾತ್ರ ಜಾಸ್ತಿ. ಬೆಂಗಳೂರಿನ ಚಿಕ್ಕ ಫ್ಲ್ಯಾಟಿನಲ್ಲಿದ್ದು ಬ್ಯಾಟರಿ ಇಡಲು ಜಾಗವೇ ಇಲ್ಲ ಅನ್ನುವವರು ಯೋಚಿಸಬಹುದು.

ಅಂಗಡಿಯಲ್ಲಿ ನೋಡಬೇಕಾದ್ದು ಮೂರು. ಮೊದಲನೆಯದು ತಯಾರಾದ ತಿಂಗಳು. ಬ್ಯಾಟರಿಯ ಮೇಲೆ ಅಚ್ಚಾಗಿರುತ್ತದೆ, ಸಂಕೇತದಲ್ಲಿದ್ದರೆ ಬಿಡಿಸಿ ಹೇಳಿ ಅಂತ ಕೇಳಿ. ಆರು ತಿಂಗಳಿಗಿಂತ ಹಳೆಯದಾದರೆ ಬೇರೆ ತರಿಸಿಕೊಡಿ ಅನ್ನಿ. ಸೀಸದ ಬ್ಯಾಟರಿ ಗೋಡೌನಿನಲ್ಲಿ ಸುಮ್ನೆ ಕೂತರೂ ಸೊರಗುತ್ತದೆ.

ಎರಡನೆಯದು ವಾರಂಟಿಯ ಲೆಕ್ಕ. 60 ತಿಂಗಳು ಅಂತ ದೊಡ್ಡದಾಗಿ ಬರೆದು ಕೆಳಗೆ ಸಣ್ಣದಾಗಿ 36 ಪ್ಲಸ್ 24 ಅಂತ ಇರುತ್ತದೆ. ಮೊದಲ 36 ತಿಂಗಳಲ್ಲಿ ಕೆಟ್ಟರೆ ಪೂರ್ತಿ ಉಚಿತವಾಗಿ ಬದಲು. ಮುಂದಿನ 24 ತಿಂಗಳು ಪ್ರೊ-ರೇಟಾ, ಅಂದರೆ ಬಳಸಿದ ಅವಧಿಗೆ ತಕ್ಕಂತೆ ದುಡ್ಡು ಮುರಿದುಕೊಂಡು ಹೊಸದರ ಬೆಲೆಯಲ್ಲಿ ಒಂದಿಷ್ಟು ಕಡಿತ. ಆ ಕಡಿತವೂ ಗರಿಷ್ಠ ಮಾರಾಟ ಬೆಲೆಯ ಮೇಲೆ ಸಿಗುವುದರಿಂದ, ಕೆಲವೊಮ್ಮೆ ಅಂಗಡಿಯಲ್ಲಿ ಚೌಕಾಸಿ ಮಾಡಿ ಹೊಸದೇ ತರುವುದಕ್ಕೂ ಇದಕ್ಕೂ ವ್ಯತ್ಯಾಸ ಇರುವುದಿಲ್ಲ. ಆದ್ದರಿಂದ ಹೋಲಿಸುವಾಗ ಮೊದಲ ಸಂಖ್ಯೆ ಮಾತ್ರ ಹೋಲಿಸಿ.

ಮೂರನೆಯದು ಬಿಲ್. "ಬಿಲ್ ಬೇಡ ಅಂದ್ರೆ ಸಾವಿರ ಕಮ್ಮಿ ಮಾಡ್ಕೊಡ್ತೀನಿ" ಅನ್ನುವ ಮಾತು ಬಂದೇ ಬರುತ್ತದೆ. ಆ ಸಾವಿರದ ಆಸೆಗೆ ಬೀಳಬೇಡಿ. ಬಿಲ್‌ನಲ್ಲಿ ಬ್ಯಾಟರಿಯ ಸೀರಿಯಲ್ ನಂಬರ್ ಇರಬೇಕು, ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು, ತಾರೀಕು ಬಿದ್ದಿರಬೇಕು. ಮನೆಗೆ ಬಂದ ಬ್ಯಾಟರಿಯ ಮೇಲಿನ ನಂಬರ್ ಜೊತೆ ತಾಳೆ ನೋಡಿ, ಎರಡರ ಫೋಟೋ ತೆಗೆದು ಇಟ್ಟುಕೊಳ್ಳಿ. ಥರ್ಮಲ್ ಕಾಗದದ ಬಿಲ್ ಎರಡು ವರ್ಷದಲ್ಲಿ ಬಿಳಿ ಹಾಳೆಯಾಗುತ್ತದೆ.

ಈಗ ಕಂಪನಿ. ಲುಮಿನಸ್, ಮೈಕ್ರೋಟೆಕ್, ವಿ-ಗಾರ್ಡ್, ಎಕ್ಸೈಡ್, ಅಮರಾನ್ ಹೀಗೆ ನಾಲ್ಕೈದು ಹೆಸರು ಎಲ್ಲ ಕಡೆ ಸಿಗುತ್ತವೆ. ಇವುಗಳಲ್ಲಿ ಯಾವುದು ಅಂತ ನಾನು ತೀರ್ಪು ಕೊಡುವುದಿಲ್ಲ. ನಿಮ್ಮ ತಾಲ್ಲೂಕಿನಲ್ಲಿ ಯಾರ ಸರ್ವೀಸ್‌ನವರು ಫೋನ್ ಮಾಡಿದ ಮರುದಿನ ಮನೆಗೆ ಬರುತ್ತಾರೆ, ಅವರದು ತಗೊಳ್ಳಿ. ಪಕ್ಕದ ಮನೆಯಲ್ಲಿ ವಿಚಾರಿಸಿದರೆ ಗೊತ್ತಾಗುತ್ತದೆ. ಆನ್‌ಲೈನ್‌ನಲ್ಲಿ ಒಂದೆರಡು ಸಾವಿರ ಕಮ್ಮಿ ಇರಬಹುದು. ಆದರೆ 55–60 ಕೆಜಿ ತೂಗುವ, ಆಸಿಡ್ ತುಂಬಿದ ಬ್ಯಾಟರಿ ಕೆಟ್ಟರೆ ಅದನ್ನು ಹೊತ್ತು ಯಾರು ಎಲ್ಲಿಗೆ ಕಳಿಸುವುದು? ಪೆಟ್ಟಿಗೆ ಬೇಕಾದರೆ ಆನ್‌ಲೈನ್‌ನಲ್ಲಿ ತರಿಸಿ, ಬ್ಯಾಟರಿ ಊರಿನ ಅಂಗಡಿಯಲ್ಲೇ ಕೊಳ್ಳಿ.

ಹಂತ 7: ಜಾಗ ಮತ್ತು ವೈರಿಂಗ್

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುತ್ತದೆ, ಅದು ಹೊತ್ತಿಕೊಳ್ಳುವಂಥದ್ದು. ಹಾಗಾಗಿ ಗಾಳಿ ಆಡುವ ಕಡೆ ಇಡಿ. ಅಡುಗೆಮನೆ ಬೇಡ, ದೇವರ ದೀಪದ ಪಕ್ಕ ಬೇಡ, ಬಾಗಿಲು ಮುಚ್ಚಿದ ಕಪಾಟಿನೊಳಗಂತೂ ಬೇಡವೇ ಬೇಡ. ಮೆಟ್ಟಿಲ ಕೆಳಗಿನ ಜಾಗ ಒಳ್ಳೆಯದು, ಚಿಕ್ಕ ಮಕ್ಕಳ ಕೈಗೆ ಸಿಗದಿದ್ದರೆ.

ಎಲೆಕ್ಟ್ರಿಷಿಯನ್ ಬಂದಾಗ ಹೇಳಬೇಕಾದ್ದು:

ಯುಪಿಎಸ್ ಲೈನ್ ಬೇರೆಯಾಗಿ ಎಳೆಯಲಿ. ಫೇಸ್ ತಂತಿ ಜೊತೆಗೆ ನ್ಯೂಟ್ರಲ್ ತಂತಿಯೂ ಬೇರೆ ಇರಲಿ. ಮನೆಯ ಉಳಿದ ನ್ಯೂಟ್ರಲ್‌ಗೆ ಸೇರಿಸಿಬಿಟ್ಟರೆ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ತಕ್ಷಣ ಲೈನ್ ಕತ್ತರಿಸುವ ಸ್ವಿಚ್, ಕಾರಣವಿಲ್ಲದೆ ಬೀಳುತ್ತಿರುತ್ತದೆ.

ಗೀಸರ್, ಫ್ರಿಜ್, ಮಿಕ್ಸಿಯ ದೊಡ್ಡ ಸಾಕೆಟ್‌ಗಳು ಈ ಲೈನಿಗೆ ಬರಬಾರದು.

ಬೈಪಾಸ್ ಸ್ವಿಚ್ ಒಂದು ಹಾಕಿಸಿ. ಯುಪಿಎಸ್ ಕೆಟ್ಟು ರಿಪೇರಿಗೆ ಹೋದ ದಿನ, ಕಂಬದಲ್ಲಿ ಕರೆಂಟ್ ಇದ್ದೂ ನಿಮ್ಮ ಅರ್ಧ ಮನೆ ಕತ್ತಲಲ್ಲಿ ಇರಬಾರದು ಅಲ್ವಾ?

ಅರ್ತಿಂಗ್ ಪರೀಕ್ಷೆ ಮಾಡಿಸಿ. ಮೀಟರ್ ಹಿಡಿದು ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಎಷ್ಟು ವೋಲ್ಟ್ ಅಂತ ನೋಡಲು ಹೇಳಿ. ಎರಡು ಮೂರು ವೋಲ್ಟ್ ಒಳಗಿದ್ದರೆ ಸರಿ. ಹಳೆ ಮನೆಗಳಲ್ಲಿ ಮೂರನೇ ಪಿನ್‌ಗೆ ತಂತಿಯೇ ಇರುವುದಿಲ್ಲ, ಸಾಕೆಟ್ಟಿನ ತೂತು ಮಾತ್ರ ಇರುತ್ತದೆ.

ಮನೆಯವರೆಲ್ಲ ತಿಳಿದಿರಬೇಕಾದ ಎಚ್ಚರಿಕೆ: ಮೇನ್ ಆಫ್ ಮಾಡಿದರೂ ಯುಪಿಎಸ್ ಲೈನಿನಲ್ಲಿ 230 ವೋಲ್ಟ್ ಹರಿಯುತ್ತಲೇ ಇರುತ್ತದೆ. ಬಲ್ಬ್ ಹೋಲ್ಡರ್ ಬಿಚ್ಚುವ ಮೊದಲು ಮೇನ್ ಜೊತೆ ಯುಪಿಎಸ್ಸನ್ನೂ ಆಫ್ ಮಾಡಿ. ಈ ಮಾತನ್ನು ಒಂದು ಚೀಟಿಯಲ್ಲಿ ಬರೆದು ಮೇನ್ ಬೋರ್ಡಿನ ಬಾಗಿಲಿಗೆ ಅಂಟಿಸಿ.

ಹಾಕಿದವರು ಹೊರಡುವ ಮೊದಲು ಮೇನ್ ಆಫ್ ಮಾಡಿಸಿ, ನಿಮ್ಮ ಪಟ್ಟಿಯಲ್ಲಿರುವುದನ್ನೆಲ್ಲ ಒಟ್ಟಿಗೇ ಹಾಕಿ ಅರ್ಧ ಗಂಟೆ ಓಡಿಸಿ. ಅವರಿಗೆ ಕಾಫಿ ಕೊಟ್ಟು ಕೂರಿಸಿ. ತಂತಿ ಬಿಸಿಯಾಗುತ್ತದೆಯಾ, ಪೆಟ್ಟಿಗೆ ಕೂಗುತ್ತದೆಯಾ ಅಂತ ಅವರ ಎದುರೇ ಗೊತ್ತಾಗಲಿ.

ಹಂತ 8: ಸಿಡಿಲು ಮತ್ತು ಸ್ಪೈಕ್ ಗಾರ್ಡ್

ಯುಪಿಎಸ್ ಇದ್ದರೆ ಸಿಡಿಲಿಗೆ ಹೆದರಬೇಕಿಲ್ಲ ಅನ್ನುವುದು ತಪ್ಪು. ಕರೆಂಟ್ ಇರುವಷ್ಟು ಹೊತ್ತು ಮೇನ್ಸ್ ಕರೆಂಟೇ ಯುಪಿಎಸ್ ಮೂಲಕ ಹಾದು ನಿಮ್ಮ ಟಿವಿಗೆ ಹೋಗುತ್ತಿರುತ್ತದೆ. ಸ್ಪೈಕ್ ಗಾರ್ಡ್ ಅಂತ ಮಾರುವ ಪಟ್ಟಿಗಳಲ್ಲಿ ಎಷ್ಟೋ ಬರೀ ಎಕ್ಸ್‌ಟೆನ್ಷನ್ ಬೋರ್ಡ್‌ಗಳು, ಕೆಂಪು ದೀಪ ಒಂದು ಜಾಸ್ತಿ ಅಷ್ಟೇ. ದಿಢೀರನೆ ಏರುವ ವೋಲ್ಟೇಜನ್ನು ತಡೆಯುವ ನಿಜವಾದ ಸರ್ಜ್ ಪ್ರೊಟೆಕ್ಟರ್ ಆದರೆ ಎಷ್ಟು ಜೌಲ್ (ಶಕ್ತಿಯ ಅಳತೆ) ತಡೆಯುತ್ತದೆ ಅಂತ ಬರೆದಿರುತ್ತದೆ. ಜೌಲ್ ಸಂಖ್ಯೆಯೇ ಇಲ್ಲದ್ದನ್ನು ಎಕ್ಸ್‌ಟೆನ್ಷನ್ ಬೆಲೆಗಿಂತ ಜಾಸ್ತಿ ಕೊಟ್ಟು ತರಬೇಡಿ. ನಿಜವಾದದ್ದೂ ಅರ್ತಿಂಗ್ ಸರಿಯಿದ್ದರೆ ಮಾತ್ರ ಪೂರ್ತಿ ಕೆಲಸ ಮಾಡುತ್ತದೆ.

ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ಮಲೆನಾಡಿನ ಮನೆಗಳಲ್ಲಿ ಟಿವಿ ಪ್ಲಗ್ ಕೀಳುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಉಪಾಯ ಈಗಲೂ ಇಲ್ಲ. ಪ್ಲಗ್ ಜೊತೆಗೆ ಡಿಶ್ ಕೇಬಲ್ಲೂ ಕೀಳಿ. ಗುಡುಗು ನೆತ್ತಿಯ ಮೇಲೆ ಬರುವ ಮೊದಲೇ ಕೀಳಿ, ಬಂದ ಮೇಲೆ ತಂತಿ ಮುಟ್ಟಬೇಡಿ.

ಹಂತ 9: ತಂದ ಮೇಲೆ ನೋಡಿಕೊಳ್ಳುವುದು

ಬ್ಯಾಟರಿಯ ಮೇಲೆ ಆರು ಪುಟ್ಟ ಕಡ್ಡಿಗಳು ಕಾಣುತ್ತವೆ, ಫ್ಲೋಟ್ ಅಂತ ಹೆಸರು. ನೀರು ಕಮ್ಮಿಯಾದಂತೆ ಕಡ್ಡಿ ಕೆಳಗಿಳಿದು ಕೆಂಪು ಗುರುತಿಗೆ ಬರುತ್ತದೆ. ಮೂರು ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ನೋಡಿ. ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ನಲ್ಲಿ ನೀರು ಬೇಡ, ಬೋರ್‌ವೆಲ್ ನೀರು ಬೇಡ, ಫಿಲ್ಟರ್ ನೀರೂ ಬೇಡ. ಅದರಲ್ಲಿರುವ ಲವಣ ಫಲಕವನ್ನು ತಿನ್ನುತ್ತದೆ. ಆಸಿಡ್ ಅಂತೂ ಯಾವತ್ತೂ ಹಾಕಬೇಡಿ, ಆವಿಯಾಗುವುದು ನೀರು ಮಾತ್ರ. ಹಸಿರು ಗುರುತಿಗೆ ಬಂದರೆ ನಿಲ್ಲಿಸಿ. ಗಂಟಲವರೆಗೆ ತುಂಬಿದರೆ ಚಾರ್ಜ್ ಆಗುವಾಗ ಉಕ್ಕಿ ನೆಲದ ಟೈಲ್ಸ್ ಹಾಳಾಗುತ್ತದೆ.

ತಂತಿ ಸೇರುವ ಕಡೆ ಬಿಳಿಯೋ ಹಸಿರೋ ಪುಡಿ ಕಟ್ಟಿದ್ದರೆ ಯುಪಿಎಸ್ ಆಫ್ ಮಾಡಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಲ್ಲಿ ಅದ್ದಿದ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ನೀರು ಬ್ಯಾಟರಿಯೊಳಗೆ ಇಳಿಯದಂತೆ ಮುಚ್ಚಳ ಬಿಗಿಯಾಗಿರಲಿ. ಒಣಗಿಸಿ ವ್ಯಾಸಲೀನ್ ಹಚ್ಚಿ. ಕೈಗೆ ಗ್ಲೌಸ್ ಇರಲಿ. ಆಸಿಡ್ ತಾಗಿದ ಹತ್ತಿ ಬಟ್ಟೆ ಆ ಕ್ಷಣ ಚೆನ್ನಾಗೇ ಇರುತ್ತದೆ, ಒಗೆದಾಗ ತೂತು ತೂತು.

ತಿಂಗಳಾನುಗಟ್ಟಲೆ ಕರೆಂಟ್ ಹೋಗದ ಊರಾದರೆ ತಿಂಗಳಿಗೊಮ್ಮೆ ನೀವೇ ಮೇನ್ ಆಫ್ ಮಾಡಿ ಒಂದರ್ಧ ಗಂಟೆ ಓಡಿಸಿ. ಇನ್ನೊಂದು ಕಡೆ, ಬೆಳಿಗ್ಗೆ ಮೂರು ಗಂಟೆ ಸಂಜೆ ಮೂರು ಗಂಟೆ ಹೋಗುವ ಊರಲ್ಲಿ ಸಂಜೆ ಬ್ಯಾಕಪ್ ಕಮ್ಮಿ ಬಂದರೆ ಬ್ಯಾಟರಿ ಕೆಟ್ಟಿದೆ ಅಂದುಕೊಳ್ಳಬೇಡಿ. ಖಾಲಿಯಾದ 150 ಎಎಚ್ ಬ್ಯಾಟರಿ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ಅಷ್ಟು ಹೊತ್ತು ಕರೆಂಟ್ ಇದ್ದರೆ ತಾನೆ?

ಗೃಹಜ್ಯೋತಿ ಫಲಾನುಭವಿಗಳು ಒಂದು ಲೆಕ್ಕ ಇಟ್ಟುಕೊಳ್ಳಿ. ಬ್ಯಾಟರಿ ತುಂಬಿದ ಮೇಲೂ ಯುಪಿಎಸ್ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ. 15 ವ್ಯಾಟ್ ಅಂತ ಹಿಡಿದರೂ ತಿಂಗಳಿಗೆ 11 ಯೂನಿಟ್ ಹತ್ತಿರ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಈಗಾಗಲೇ 190ರ ಅಂಚಿನಲ್ಲಿರುವ ಮನೆಯವರು ಇಲ್ಲೂ ಬಿಎಲ್‌ಡಿಸಿ ಫ್ಯಾನ್ ನೆನಪಿಸಿಕೊಳ್ಳಿ.

ಹಂತ 10: ಕೆಟ್ಟಾಗ, ಬದಲಾಯಿಸುವಾಗ

ವಾರಂಟಿಯೊಳಗೆ ಕೆಟ್ಟರೆ ಮೊದಲು ಕಂಪನಿಯ ಟೋಲ್ ಫ್ರೀ ನಂಬರಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದುಕೊಳ್ಳಿ. ಅಂಗಡಿಯವರ ಬಾಯಿಮಾತಿಗೆ ವಾರಗಟ್ಟಲೆ ಕಾಯಬೇಡಿ. ಬ್ಯಾಟರಿ ಚಾರ್ಜಿಗಿಟ್ಟು ಪರೀಕ್ಷಿಸಬೇಕು ಅಂತ ಅವರು ಒಯ್ದರೆ ಸೀರಿಯಲ್ ನಂಬರ್ ಬರೆದ ರಸೀದಿ ಕೇಳಿ, ಅಷ್ಟು ದಿನಕ್ಕೆ ಬದಲಿ ಬ್ಯಾಟರಿಯನ್ನೂ ಕೇಳಿ. ಕೇಳಿದವರಿಗೆ ಕೊಡುತ್ತಾರೆ. ಯಾರೂ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಂಡ ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. ಆಗ ಕೇಳುವ ಮೊದಲ ಕಾಗದ ಬಿಲ್.

ಬ್ಯಾಟರಿ ಪೂರ್ತಿ ಸತ್ತ ಮೇಲೂ ಅದಕ್ಕೆ ಬೆಲೆ ಇದೆ, ಒಳಗಿನ ಸೀಸಕ್ಕಾಗಿ. ಹೊಸದು ಕೊಳ್ಳುವಾಗ ಹಳೆಯದನ್ನು ಕೊಟ್ಟರೆ ಕೆಲವು ಸಾವಿರ ಕಳೆಯುತ್ತಾರೆ. ಮೊದಲು ಹೊಸದರ ಬೆಲೆ ಮಾತಾಡಿ ಮುಗಿಸಿ, ಆಮೇಲೆ ಹಳೆಯದರ ಮಾತು ತೆಗೆಯಿರಿ. ಎರಡನ್ನೂ ಒಟ್ಟಿಗೆ ಮಾತಾಡಿದರೆ ಯಾವುದರಲ್ಲಿ ಎಷ್ಟು ಕಳೆದರು ಅಂತ ತಿಳಿಯುವುದೇ ಇಲ್ಲ. ಬೀದಿಗೆ ಬರುವ ಗುಜರಿಯವರಿಗೆ ಕೊಡಬೇಡಿ, ಕೆಲವರು ತೂಕ ಇಳಿಸಲು ಆಸಿಡ್ಡನ್ನು ಅಲ್ಲೇ ಚರಂಡಿಗೆ ಸುರಿದು ಹೋಗುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆ ಬ್ಯಾಟರಿ ವಾಪಸ್ ಸೇರುವ ವ್ಯವಸ್ಥೆ ಮಾಡುವುದು ತಯಾರಕರ ಹೊಣೆ, ಹಾಗಾಗಿ ಅಧಿಕೃತ ಡೀಲರ್ ತಗೊಳ್ಳಲ್ಲ ಅಂದರೆ ಕಂಪನಿಗೇ ಫೋನ್ ಮಾಡಿ. ಕೆಲವು ಕಡೆ ಕೆಜಿ ಲೆಕ್ಕದಲ್ಲಿ ಕೊಡುತ್ತಾರೆ, ಅಲ್ಲಿ ತಕ್ಕಡಿಯ ಪಕ್ಕದಲ್ಲಿ ನೀವೇ ನಿಂತುಕೊಳ್ಳಿ.